ಕಾರ್ಡ್ ತೋರಿಸಿ ಓಟು ಹಾಕಿ ಅಂದರೆ ಅಮೆರಿಕದಲ್ಲಿ ಯಾಕಿಷ್ಟು ಜಗಳ?

ಕಳೆದ ದೀಪಾವಳಿಗೆ ಡಲ್ಲಾಸ್‌ನಿಂದ ನನ್ನ ಚಿಕ್ಕಪ್ಪನ ಮಗ ಹಾಸನಕ್ಕೆ ಬಂದಿದ್ದ. ಹಬ್ಬದೂಟ ಮುಗಿಸಿ ಎಲ್ಲರೂ ಹಜಾರದಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದೆವು. ಮಾತು ಎಲ್ಲೆಲ್ಲೋ ಸುತ್ತಿ ಅಮೆರಿಕದ ಚುನಾವಣೆಗೆ ಬಂತು. ಆಗ ನಮ್ಮ ದೊಡ್ಡಪ್ಪ ಕೇಳಿದರು: "ಅಲ್ಲ ಕಣೋ, ನಿಮ್ಮಲ್ಲಿ ಗುರುತಿನ ಚೀಟಿ ತೋರಿಸದೇನೇ ಓಟು ಹಾಕ್ತಾರಂತೆ, ನಿಜವಾ? ತೋರಿಸಿ ಅಂದ್ರೆ ಒಂದು ಪಾರ್ಟಿಯವರು ಗಲಾಟೆ ಮಾಡ್ತಾರಂತೆ. ತೋರಿಸೋಕೆ ಏನಪ್ಪಾ ಕಷ್ಟ?"

ದೊಡ್ಡಪ್ಪ ನಿವೃತ್ತ ಮೇಷ್ಟ್ರು. ಎಷ್ಟೋ ಚುನಾವಣೆಗಳಲ್ಲಿ ಬೂತಿನ ಡ್ಯೂಟಿ ಮಾಡಿದವರು. ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕಿ ಜೋರಾಗಿ ಓದೋದು, ಪಕ್ಷಗಳ ಏಜೆಂಟರು ತಲೆಯೆತ್ತಿ ಮುಖ ನೋಡೋದು, ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ತಕರಾರು ಎತ್ತೋದು, ಎರಡನೇ ಅಧಿಕಾರಿ ಎಡಗೈ ತೋರುಬೆರಳಿಗೆ ಶಾಯಿ ಹಾಕೋದು, ಎಲ್ಲ ಅವರಿಗೆ ಬಾಯಿಪಾಠ. "ನಿಮ್ಮ ಓಟು ಆಗಲೇ ಬಿದ್ದಿದೆ" ಅನ್ನೋ ಮಾತು ಕೇಳಿ ಪೆಚ್ಚಾಗಿ ನಿಂತವರನ್ನೂ ಅವರು ನೋಡಿದ್ದಾರೆ. ಆದ್ದರಿಂದ ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಬಹುತೇಕರು ಕೇಳೋದೂ ಇದನ್ನೇ.

ತಮ್ಮ ಉತ್ತರ ಹೇಳಲಿಲ್ಲ. ಪರ್ಸಿನಿಂದ ತನ್ನ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ತೆಗೆದು ದೊಡ್ಡಪ್ಪನ ಕೈಗಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಫೋಟೋ ಇದೆ. ಹೆಸರು, ಹುಟ್ಟಿದ ತಾರೀಖು, ಮನೆ ವಿಳಾಸ ಇದೆ. ಮೂಲೆಯಲ್ಲಿ ಒಂದು ನಕ್ಷತ್ರ ಇದೆ. "ಇದು ಅಲ್ಲಿ ಓಟು ಹಾಕೋಕೆ ನಡೆಯೋ ಕಾರ್ಡು ದೊಡ್ಡಪ್ಪ. ಆದ್ರೆ ನಾನು ಇನ್ನೂ ಅಲ್ಲಿಯ ಸಿಟಿಜನ್ ಅಲ್ಲ, ಗ್ರೀನ್ ಕಾರ್ಡ್ ಅಷ್ಟೇ. ನನಗೆ ಓಟಿನ ಹಕ್ಕೇ ಇಲ್ಲ. ಅದು ಇದರಲ್ಲಿ ಎಲ್ಲಿ ಬರೆದಿದೆ ಹೇಳಿ?" ದೊಡ್ಡಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೂ ಬರೆದಿರಲಿಲ್ಲ.

ಆ ಮಧ್ಯಾಹ್ನದಿಂದ ನಾನು ಈ ವಿಷಯವನ್ನು ಸ್ವಲ್ಪ ಕೂತು ಓದಿದೆ. ಹೊರಗಿನವರಾದ ನಾವು ಈ ಜಗಳ ನೋಡುವಾಗ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. ಬಂದವರು ಪಟ್ಟಿಯಲ್ಲಿರುವ ಅದೇ ವ್ಯಕ್ತಿಯಾ? ಅವರು ಆ ದೇಶದ ಪ್ರಜೆಯಾ? ಇದನ್ನು ತೋರಿಸುವ ಕಾಗದವನ್ನು ಓಡಾಡಿ ತರುವ ಹೊಣೆ ಯಾರದು, ಜನರದಾ ಸರ್ಕಾರದ್ದಾ? ಮೊದಲ ಎರಡರ ಬಗ್ಗೆ ಟಿವಿಯಲ್ಲಿ ಕೂಗಾಟ ಜಾಸ್ತಿ. ನನ್ನ ಲೆಕ್ಕದಲ್ಲಿ ಜಗಳದ ಬೇರು ಇರೋದು ಮೂರನೆಯದರಲ್ಲಿ.

ಒಂದು ದೇಶ, ಐವತ್ತು ಚುನಾವಣೆ

ನಮ್ಮಲ್ಲಿ ಭಾರತದ ಚುನಾವಣಾ ಆಯೋಗ ಅಂತ ಒಂದು ಸಂಸ್ಥೆ ಇದೆ. ಪಟ್ಟಿ, ಬೂತು, ಯಂತ್ರ, ದಿನಾಂಕ ಎಲ್ಲ ಅದರ ಕೈಯಲ್ಲಿ. ಅಮೆರಿಕದಲ್ಲಿ ಅಂಥದ್ದು ಇಲ್ಲವೇ ಇಲ್ಲ. ಅಲ್ಲಿಯ ಫೆಡರಲ್ ಎಲೆಕ್ಷನ್ ಕಮಿಷನ್ ನೋಡಿಕೊಳ್ಳೋದು ಚುನಾವಣಾ ಖರ್ಚಿನ ಲೆಕ್ಕವನ್ನು. ಚುನಾವಣೆ ನಡೆಸೋದು ರಾಜ್ಯಗಳ ಕೆಲಸ ಅಂತ ಸಂವಿಧಾನದ ಮೊದಲ ವಿಧಿಯಲ್ಲೇ ಇದೆ. ರಾಜ್ಯಗಳು ಅದನ್ನು ನಮ್ಮ ಜಿಲ್ಲೆಗಳಂಥ ಕೌಂಟಿಗಳಿಗೆ, ಕೆಲವು ಕಡೆ ಊರುಗಳಿಗೆ ಹಂಚಿವೆ.

ಜಾಸ್ತಿ ರಾಜ್ಯಗಳಲ್ಲಿ ಚುನಾವಣೆಯ ಮುಖ್ಯಸ್ಥರಾಗಿರುವ ಅಧಿಕಾರಿ ತಾನೇ ಒಂದು ಪಕ್ಷದ ಟಿಕೆಟ್ಟಿನಲ್ಲಿ ಗೆದ್ದು ಬಂದವರು. 2018ರಲ್ಲಿ ಜಾರ್ಜಿಯಾದಲ್ಲಿ ಬ್ರಯನ್ ಕೆಂಪ್ ಗವರ್ನರ್ ಹುದ್ದೆಗೆ, ಅಂದರೆ ನಮ್ಮ ಮುಖ್ಯಮಂತ್ರಿಯಂಥ ಹುದ್ದೆಗೆ, ನಿಂತಿದ್ದರು. ಆಗ ಅದೇ ರಾಜ್ಯದ ಚುನಾವಣೆಗಳ ಉಸ್ತುವಾರಿಯೂ ಅವರದೇ ಆಗಿತ್ತು. ಎದುರಾಳಿ ಸ್ಟೇಸಿ ಏಬ್ರಮ್ಸ್ ವಿರುದ್ಧ ಸುಮಾರು 55,000 ಮತಗಳಿಂದ ಗೆದ್ದರು. ಅವರು ಏನೂ ತಪ್ಪು ಮಾಡಿರದಿದ್ದರೂ ಸೋತವರಿಗೆ ನಂಬಿಕೆ ಹೇಗೆ ಬರುತ್ತೆ, ಅಲ್ವಾ? ಆಡುವವನೇ ಅಂಪೈರ್ ಆದರೆ ಪ್ರತಿ ನಿಯಮದ ಹಿಂದೆಯೂ ಏನೋ ಇದೆ ಅನ್ನಿಸುತ್ತೆ. ಕಾರ್ಡಿನ ಜಗಳಕ್ಕೆ ಎಣ್ಣೆ ಸುರಿಯೋದು ಈ ಅಪನಂಬಿಕೆ.

ಎರಡನೆಯದಾಗಿ, ಅಲ್ಲಿ ಎಲ್ಲ ಪ್ರಜೆಗಳಿಗೂ ಕೊಟ್ಟ ಒಂದು ರಾಷ್ಟ್ರೀಯ ಗುರುತಿನ ಚೀಟಿ ಇಲ್ಲ. ಸರ್ಕಾರ ಎಲ್ಲರ ಮೇಲೆ ಕಣ್ಣಿಡುತ್ತೆ ಅನ್ನೋ ಭಯ ಎರಡೂ ಪಕ್ಷಗಳಲ್ಲಿ ಇದೆ. ಆದ್ದರಿಂದ ಆಧಾರ್‌ನಂಥದ್ದು ಅಲ್ಲಿ ಹುಟ್ಟಲೇ ಇಲ್ಲ. ಕಾರು ಓಡಿಸುವವರಿಗೆ ಲೈಸೆನ್ಸೇ ಗುರುತು. ಕಾರು ಓಡಿಸದವರ ಕಥೆ ಆಮೇಲೆ ಹೇಳುತ್ತೇನೆ.

ಮೂರನೆಯದು ಪಟ್ಟಿ. ನಮ್ಮಲ್ಲಿ ಬಿಎಲ್‌ಒ ಮನೆ ಬಾಗಿಲಿಗೆ ಬಂದು ಹೆಸರು ವಿಚಾರಿಸಿಕೊಂಡು ಹೋಗುತ್ತಾರೆ. ಅದು ಅಂಗನವಾಡಿ ಟೀಚರೋ ಶಾಲೆ ಮೇಷ್ಟ್ರೋ ಆಗಿರುತ್ತಾರೆ. ಅಲ್ಲಿ ಅಂಥ ಪದ್ಧತಿ ಇಲ್ಲ. ಹದಿನೆಂಟು ತುಂಬಿದವರು ತಾವೇ ನೋಂದಣಿ ಮಾಡಿಸಿಕೊಳ್ಳಬೇಕು. ಮನೆ ಬದಲಾಯಿಸಿದರೆ ಮತ್ತೆ ಮಾಡಿಸಬೇಕು. ಇದನ್ನು ಸ್ವಲ್ಪ ಸುಲಭ ಮಾಡಲು 1993ರಲ್ಲಿ ಒಂದು ಕಾನೂನು ಬಂತು. ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ಮತದಾರರ ನೋಂದಣಿಗೂ ಅವಕಾಶ ಕೊಟ್ಟರು. ಈಗ ಹಲವು ರಾಜ್ಯಗಳಲ್ಲಿ ಅದು ತಾನಾಗೇ ಆಗುತ್ತೆ. ಇನ್ನು ಕೆಲವು ಕಡೆ ಫಾರಂ ತುಂಬಿ ಅಂಚೆಗೆ ಹಾಕಬೇಕು. ನಾರ್ತ್ ಡಕೋಟಾದಲ್ಲಂತೂ ನೋಂದಣಿ ಅನ್ನೋದೇ ಇಲ್ಲ.

ಕಾರ್ಡ್ ಇಲ್ಲದೆ ಓಟು ಅಂದರೆ ಏನು

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಸುಮಾರು 36 ರಾಜ್ಯಗಳು ಬೂತಿನಲ್ಲಿ ಒಂದಲ್ಲ ಒಂದು ಗುರುತು ಕೇಳುತ್ತವೆ. ಕೆಲವು ಕಡೆ ಫೋಟೋ ಇರಲೇಬೇಕು. ಕೆಲವು ಕಡೆ ಕರೆಂಟ್ ಬಿಲ್ ಸಾಕು. ಉಳಿದ ರಾಜ್ಯಗಳಲ್ಲಿ, ಅಂದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕಡೆ, ಸಾಮಾನ್ಯವಾಗಿ ಕಾರ್ಡ್ ಕೇಳಲ್ಲ. ಹೆಸರು, ವಿಳಾಸ ಹೇಳಬೇಕು, ಸಹಿ ಹಾಕಬೇಕು. ನ್ಯೂಯಾರ್ಕ್‌ನಲ್ಲಿ ಆ ಸಹಿಯನ್ನು ನೋಂದಣಿಯಲ್ಲಿರುವ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ. ಗುರುತು ಪತ್ತೆ ಮಾಡುವ ಕೆಲಸ ನೋಂದಣಿಯ ಸಮಯದಲ್ಲೇ ಆಗಿರುತ್ತೆ. ಲೈಸೆನ್ಸ್ ನಂಬರೋ, ಪಿಂಚಣಿ ಮತ್ತು ತೆರಿಗೆ ಲೆಕ್ಕಕ್ಕೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿಯೋ ಕೊಟ್ಟಿರಬೇಕು. ಅಂಚೆಯಲ್ಲಿ ನೋಂದಣಿ ಮಾಡಿಸಿ, ಆ ನಂಬರು ತಾಳೆಯಾಗದೆ ಉಳಿದವರು ಮೊದಲ ಸಲ ಬಂದರೆ ಯಾವ ರಾಜ್ಯವಾದರೂ ಏನಾದರೊಂದು ದಾಖಲೆ ಕೇಳಲೇಬೇಕು. ಇದು 2002ರ ಫೆಡರಲ್, ಅಂದರೆ ಕೇಂದ್ರದ, ಕಾನೂನು.

ಹಾಗಾಗಿ "ಅಮೆರಿಕದಲ್ಲಿ ಯಾರು ಬೇಕಾದರೂ ಹೋಗಿ ಓಟು ಹಾಕಬಹುದು" ಅನ್ನೋ ಮಾತು ಸರಿಯಲ್ಲ. ಸುಳ್ಳು ಹೇಳಿ ಸಹಿ ಹಾಕಿದರೆ ಜೈಲು. ಒಂದು ಓಟಿಗಾಗಿ ಜೈಲಿಗೆ ಹೋಗುವವರು ಎಷ್ಟು ಜನ? ಕಾನೂನು ಪ್ರಾಧ್ಯಾಪಕ ಜಸ್ಟಿನ್ ಲೆವಿಟ್ 2000ದಿಂದ 2014ರವರೆಗಿನ ಚುನಾವಣೆಗಳನ್ನು ಜಾಲಾಡಿದರು. ನೂರು ಕೋಟಿಗೂ ಹೆಚ್ಚು ಓಟುಗಳಲ್ಲಿ, ಬೂತಿಗೆ ಹೋಗಿ ಇನ್ನೊಬ್ಬರ ಹೆಸರಲ್ಲಿ ಓಟು ಹಾಕಿದ ನಂಬಬಹುದಾದ ಪ್ರಕರಣ ಸಿಕ್ಕಿದ್ದು 31.

ನಮಗೆ ಇದನ್ನು ನಂಬೋದು ಕಷ್ಟ. ಯಾಕೆಂದರೆ ನಮ್ಮಲ್ಲಿ ಕಳ್ಳ ಓಟು ನಿಜವಾದ ಕಾಯಿಲೆಯಾಗಿತ್ತು. ಅದಕ್ಕೇ 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಬಂತು. ಅದಕ್ಕೇ ಟಿ.ಎನ್. ಶೇಷನ್ ಕಾಲದಲ್ಲಿ, 1993ರಲ್ಲಿ, ಫೋಟೋ ಇರುವ ಗುರುತಿನ ಚೀಟಿ ಬಂತು. ಆದರೆ ಶೇಷನ್ ಚೀಟಿ ತೋರಿಸಿ ಅಂದಷ್ಟೇ ಅಲ್ಲ. ಊರೂರಿಗೆ ಕ್ಯಾಮೆರಾ ಕಳಿಸಿ ಫೋಟೋ ತೆಗೆಸಿದರು. ಈಗಲೂ ಆ ಚೀಟಿ ಕಳೆದುಹೋಗಿದ್ದರೆ ನರೇಗಾ ಜಾಬ್ ಕಾರ್ಡು, ಫೋಟೋ ಅಂಟಿಸಿದ ಬ್ಯಾಂಕ್ ಪಾಸ್‌ಬುಕ್, ಪಿಂಚಣಿ ದಾಖಲೆ ಏನು ತಂದರೂ ಆಯೋಗ ಒಪ್ಪುತ್ತೆ. ಪಟ್ಟಿಯಲ್ಲಿ ಹೆಸರಿರಬೇಕು ಅಷ್ಟೇ. ಅಮೆರಿಕದ ಕಥೆ ಬೇರೆ ದಾರಿ ಹಿಡಿದದ್ದು ಇಲ್ಲೇ.

ಹನ್ನೆರಡು ಸನ್ಯಾಸಿನಿಯರು

2005ರಲ್ಲಿ ಇಂಡಿಯಾನಾ ರಾಜ್ಯ ಒಂದು ಕಾನೂನು ಮಾಡಿತು. ಓಟು ಹಾಕಲು ಸರ್ಕಾರ ಕೊಟ್ಟ, ಅವಧಿ ಮುಗಿಯದ, ಫೋಟೋ ಇರುವ ಗುರುತು ಬೇಕೇ ಬೇಕು. ರಿಪಬ್ಲಿಕನ್ನರು ಪರ, ಡೆಮಾಕ್ರಾಟರು ವಿರೋಧ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2008ರ ಏಪ್ರಿಲ್ 28ರಂದು 6-3ರ ತೀರ್ಪಿನಲ್ಲಿ ಕಾನೂನು ಉಳಿಯಿತು. ಮುಖ್ಯ ಅಭಿಪ್ರಾಯ ಬರೆದವರು ಉದಾರವಾದಿ ಎಂದೇ ಹೆಸರಾದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್. ಇಂಡಿಯಾನಾದಲ್ಲಿ ಇಂಥ ಕಳ್ಳ ಓಟು ಬಿದ್ದದ್ದಕ್ಕೆ ಕೇಸಿನಲ್ಲಿ ಸಾಕ್ಷಿ ಇಲ್ಲ ಅಂತ ಅವರೇ ಬರೆದರು. ಆದರೂ ಜನರ ನಂಬಿಕೆ ಕಾಪಾಡೋದು ರಾಜ್ಯದ ನ್ಯಾಯವಾದ ಉದ್ದೇಶ, ಕಾರ್ಡು ಪುಕ್ಕಟೆ ಸಿಗುತ್ತೆ, ಬಹುಪಾಲು ಜನರಿಗೆ ಇದು ದೊಡ್ಡ ಹೊರೆಯಲ್ಲ ಅಂದರು.

ಎಂಟು ದಿನ ಕಳೆಯಿತು. ಮೇ 6ರಂದು ಇಂಡಿಯಾನಾದಲ್ಲಿ ಪಕ್ಷದ ಅಭ್ಯರ್ಥಿ ಆರಿಸುವ ಪ್ರಾಥಮಿಕ ಚುನಾವಣೆ. ಸೌತ್ ಬೆಂಡ್ ಬಳಿಯ ಒಂದು ಕಾನ್ವೆಂಟಿನಲ್ಲಿ ಬೂತು. ಅಲ್ಲೇ ವಾಸವಾಗಿದ್ದ ಸುಮಾರು ಹನ್ನೆರಡು ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರು ಓಟು ಹಾಕಲು ಬಂದರು. ಎಂಬತ್ತು, ತೊಂಬತ್ತು ದಾಟಿದವರು. ಯಾರೂ ಕಾರು ಓಡಿಸುತ್ತಿರಲಿಲ್ಲ, ಹಾಗಾಗಿ ಲೈಸೆನ್ಸ್ ಇಲ್ಲ. ಕೆಲವರ ಬಳಿ ಅವಧಿ ಮುಗಿದ ಪಾಸ್‌ಪೋರ್ಟ್ ಇತ್ತು. ಬೂತಿನಲ್ಲಿ ಕೂತಿದ್ದವರು ಅದೇ ಮಠದ ಇನ್ನೊಬ್ಬ ಸನ್ಯಾಸಿನಿ. ಇವರೆಲ್ಲ ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತು. ದಿನಾ ಒಂದೇ ಸೂರಿನಡಿ ಇರುವವರು. ಆದರೂ ಕಾನೂನು ಕಾನೂನೇ. ವಾಪಸ್ ಕಳಿಸಬೇಕಾಯಿತು.

ಈ ಪ್ರಸಂಗ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಇಲ್ಲಿ ಗುರುತಿನ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಕಾಗದ ಇರಲಿಲ್ಲ, ಅಷ್ಟೇ. ಆಮೇಲೆ ಕಾರ್ಡ್ ಮಾಡಿಸಿ ತಂದು ತೋರಿಸಲು ಕೆಲವು ದಿನ ಅವಕಾಶ ಕಾನೂನಿನಲ್ಲಿತ್ತು. ತೊಂಬತ್ತರ ಅಜ್ಜಿಯನ್ನು ಕಚೇರಿಗೆ ಕರೆದುಕೊಂಡು ಹೋಗಿ, ಜನನ ಪ್ರಮಾಣಪತ್ರ ತರಿಸಿ, ಸಾಲಲ್ಲಿ ನಿಲ್ಲಿಸಬೇಕು. ಕಾರ್ಡು ಪುಕ್ಕಟೆಯಾದರೂ ಅದಕ್ಕೆ ಬೇಕಾದ ಜನನ ಪ್ರಮಾಣಪತ್ರಕ್ಕೆ ದುಡ್ಡು ಕಟ್ಟಬೇಕು.

ಅದೇ ಕಾನೂನನ್ನು ಕೆಳಗಿನ ಕೋರ್ಟಿನಲ್ಲಿ ಎತ್ತಿಹಿಡಿದಿದ್ದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ 2013ರಲ್ಲಿ ತಮ್ಮ ತೀರ್ಪು ತಪ್ಪಾಯಿತು ಎಂದು ಬರೆದರು. ದೊಡ್ಡ ನ್ಯಾಯಾಧೀಶರು ಹೀಗೆ ಒಪ್ಪಿಕೊಳ್ಳೋದು ಅಪರೂಪ.

ಟೆಕ್ಸಸ್‌ನ 2011ರ ಕಾನೂನು ಇನ್ನೂ ಬಿಗಿ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ತೋರಿಸಿದರೆ ಓಟು ಹಾಕಬಹುದು. ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಕೊಟ್ಟ ಫೋಟೋ ಕಾರ್ಡ್ ತೋರಿಸಿದರೆ ಆಗಲ್ಲ. ಬಂದೂಕಿನವರು ಹೆಚ್ಚಾಗಿ ರಿಪಬ್ಲಿಕನ್, ವಿದ್ಯಾರ್ಥಿಗಳು ಹೆಚ್ಚಾಗಿ ಡೆಮಾಕ್ರಾಟ್ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಒಪ್ಪುವ ಕಾರ್ಡು ಇಲ್ಲದ ನೋಂದಾಯಿತ ಮತದಾರರು ಸುಮಾರು 6 ಲಕ್ಷ ಅಂತ 2014ರಲ್ಲಿ ಫೆಡರಲ್ ಕೋರ್ಟು ಲೆಕ್ಕ ಹಾಕಿತು. ಮುಂದೆ ಮೇಲಿನ ಕೋರ್ಟಿನ ಒತ್ತಡದಿಂದ, ಕಾರ್ಡು ಇಲ್ಲದವರು ಕಾರಣ ಬರೆದುಕೊಟ್ಟು ಬೇರೆ ದಾಖಲೆ ತೋರಿಸಬಹುದು ಅಂತ ರಾಜ್ಯ ಸಡಿಲ ಮಾಡಿತು.

ನಾರ್ತ್ ಡಕೋಟಾದ ಕಥೆ ಇದಕ್ಕಿಂತ ಮನಸ್ಸಿಗೆ ತಾಗುತ್ತೆ. ಅಲ್ಲಿ ಕಾರ್ಡಿನ ಮೇಲೆ ಬೀದಿ ಹೆಸರು, ಮನೆ ನಂಬರ್ ಇರಬೇಕು ಅಂತ ನಿಯಮ ಬಂತು. ಮೂಲನಿವಾಸಿ ಬುಡಕಟ್ಟುಗಳ ನೆಲೆಗಳಲ್ಲಿ ಎಷ್ಟೋ ಮನೆಗಳಿಗೆ ನಂಬರೇ ಇಲ್ಲ. ಅಂಚೆಯವರು ಮನೆಗೆ ಬರಲ್ಲ, ಪೋಸ್ಟ್ ಬಾಕ್ಸ್ ಅಷ್ಟೇ. 2018ರ ಅಕ್ಟೋಬರ್ 9ರಂದು, ಚುನಾವಣೆಗೆ ನಾಲ್ಕು ವಾರ ಇರುವಾಗ, ಸುಪ್ರೀಂ ಕೋರ್ಟು ನಿಯಮ ತಡೆಯಲು ಒಪ್ಪಲಿಲ್ಲ. ಬುಡಕಟ್ಟಿನ ಮುಖಂಡರು ಕೈಕಟ್ಟಿ ಕೂರಲಿಲ್ಲ. ತಾವೇ ಮನೆಗಳಿಗೆ ವಿಳಾಸ ಕೊಟ್ಟರು, ಪುಕ್ಕಟೆ ಕಾರ್ಡು ಮುದ್ರಿಸಿದರು. ಟರ್ಟಲ್ ಮೌಂಟನ್ ಎಂಬ ಬುಡಕಟ್ಟು ನೆಲೆಯಲ್ಲಿ ಕಾರ್ಡ್ ಮುದ್ರಿಸುವ ಯಂತ್ರ ಬಿಸಿಯೇರಿ ಕಾರ್ಡುಗಳೇ ಕರಗತೊಡಗಿದವು. 2020ರಲ್ಲಿ ರಾಜ್ಯ ರಾಜಿಗೆ ಬಂತು.

ಕಾರ್ಡು ಅಂದರೆ ಕೆಲವರಿಗೆ ಯಾಕೆ ಭಯ

ಇದಕ್ಕೆ ಹಳೆಯ ಗಾಯ ಇದೆ. 1870ರಲ್ಲಿ ಸಂವಿಧಾನದ 15ನೇ ತಿದ್ದುಪಡಿ ಕಪ್ಪು ಗಂಡಸರಿಗೆ ಓಟಿನ ಹಕ್ಕು ಕೊಟ್ಟಿತು. ಕಾಗದದ ಮೇಲೆ. ದಕ್ಷಿಣದ ರಾಜ್ಯಗಳು ಅವರ ಬಣ್ಣದ ಹೆಸರೆತ್ತದೆಯೇ ಅವರನ್ನು ಹೊರಗಿಡುವ ದಾರಿ ಹುಡುಕಿದವು. ಓಟು ಹಾಕಲು ತೆರಿಗೆ ಕಟ್ಟಬೇಕು. ಓದು ಬರಹದ ಪರೀಕ್ಷೆ ಪಾಸಾಗಬೇಕು. ನಿಯಮ ಎಲ್ಲರಿಗೂ ಒಂದೇ, ಆದರೆ ಬಡವರು, ಓದದವರು ಯಾರು ಅಂತ ನಿಯಮ ಮಾಡಿದವರಿಗೆ ಗೊತ್ತಿತ್ತು. ವರ್ಜೀನಿಯಾದಲ್ಲಿ ಆ ತೆರಿಗೆ ವರ್ಷಕ್ಕೆ ಒಂದೂವರೆ ಡಾಲರ್. 1964ರ ತಿದ್ದುಪಡಿ, 1965ರ ಮತದಾನ ಹಕ್ಕು ಕಾಯ್ದೆ, 1966ರ ಸುಪ್ರೀಂ ಕೋರ್ಟ್ ತೀರ್ಪು ಸೇರಿ ಇದನ್ನೆಲ್ಲ ಕಿತ್ತುಹಾಕಿದವು. ಅಂದಿಗೆ ಹದಿನೆಂಟೋ ಇಪ್ಪತ್ತೋ ವರ್ಷವಾಗಿದ್ದವರು ಇನ್ನೂ ಬದುಕಿದ್ದಾರೆ. "ಸುಮ್ನೆ ಒಂದು ಕಾರ್ಡು ತಾನೇ" ಅಂತ ಅವರಿಗೆ ಹೇಳಿದರೆ, "ಸುಮ್ನೆ ಒಂದೂವರೆ ಡಾಲರ್ ತಾನೇ" ಅನ್ನೋ ಹಳೇ ಮಾತು ನೆನಪಾಗುತ್ತೆ.

1965ರ ಕಾಯ್ದೆಯಲ್ಲಿ ಇನ್ನೊಂದು ಕಾವಲಿತ್ತು. ಅನ್ಯಾಯದ ಚರಿತ್ರೆ ಇರುವ ರಾಜ್ಯಗಳು ಚುನಾವಣಾ ನಿಯಮ ಬದಲಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. 2013ರ ಜೂನ್ 25ರಂದು ಸುಪ್ರೀಂ ಕೋರ್ಟು 5-4ರಲ್ಲಿ ಯಾವ ರಾಜ್ಯಗಳಿಗೆ ಇದು ಅನ್ವಯ ಅನ್ನುವ ಪಟ್ಟಿಯನ್ನು ರದ್ದು ಮಾಡಿತು. ಕಾವಲು ಹೋಯಿತು. ಅವತ್ತೇ, ಕೆಲವೇ ಗಂಟೆಗಳಲ್ಲಿ, ಟೆಕ್ಸಸ್ ತನ್ನ ಕಾರ್ಡಿನ ಕಾನೂನು ಜಾರಿಗೆ ಬಂತು ಅಂತ ಘೋಷಿಸಿತು. ನಾರ್ತ್ ಕ್ಯಾರೊಲೈನಾ ಆ ವರ್ಷವೇ ಒಂದು ದೊಡ್ಡ ಕಾನೂನು ತಂದಿತು. 2016ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಹೊಡೆದು ಹಾಕಿತು. ಕಪ್ಪು ಮತದಾರರನ್ನು ಶಸ್ತ್ರಚಿಕಿತ್ಸೆಯಷ್ಟು ನಿಖರವಾಗಿ ಗುರಿ ಮಾಡಲಾಗಿದೆ ಅಂತ ಬರೆಯಿತು.

ಕಾರ್ಡು ಬೇಕು ಅನ್ನುವವರ ಮಾತೂ ಕೇಳಬೇಕು

ಇಷ್ಟು ಓದಿದವರಿಗೆ ರಿಪಬ್ಲಿಕನ್ನರದೇ ಎಲ್ಲ ತಪ್ಪು ಅನ್ನಿಸಬಹುದು. ಅಷ್ಟು ಸುಲಭ ಅಲ್ಲ.

ಅಲ್ಲಿಯ ಮತದಾರರ ಪಟ್ಟಿ ಗಲೀಜಾಗಿತ್ತು ಅನ್ನೋದು ನಿಜ. ಸತ್ತ 18 ಲಕ್ಷ ಜನರ ಹೆಸರು ಪಟ್ಟಿಗಳಲ್ಲಿವೆ, ಸುಮಾರು 27 ಲಕ್ಷ ಜನರ ಹೆಸರು ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿವೆ ಅಂತ 2012ರಲ್ಲಿ ಪ್ಯೂ ಎಂಬ ಅಧ್ಯಯನ ಸಂಸ್ಥೆಯ ವರದಿ ಹೇಳಿತು. ಹೆಸರು ಇದ್ದ ಮಾತ್ರಕ್ಕೆ ಕಳ್ಳ ಓಟು ಬಿತ್ತು ಅಂತಲ್ಲ. ಆದರೆ ಇದನ್ನು ಓದಿದ ಸಾಮಾನ್ಯ ಮನುಷ್ಯನಿಗೆ ಅನುಮಾನ ಬಂದರೆ ಅವನನ್ನು ಬೈಯೋದು ಹೇಗೆ? 2024ರ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 84 ಜನ ಫೋಟೋ ಗುರುತು ಕೇಳೋದು ಸರಿ ಅಂದರು. ಅದರಲ್ಲಿ ಡೆಮಾಕ್ರಾಟ್ ಮತದಾರರಲ್ಲೂ ಬಹುಪಾಲು ಇದ್ದಾರೆ. ಅಂದರೆ ಜಗಳ ಪಕ್ಷಗಳ ನಾಯಕರ ನಡುವೆ ಇರುವಷ್ಟು ಜನರ ನಡುವೆ ಇಲ್ಲ.

ಡೆಮಾಕ್ರಾಟರು ಭಯವನ್ನು ದೊಡ್ಡದು ಮಾಡಿ ಹೇಳಿದ್ದೂ ಇದೆ. 2021ರಲ್ಲಿ ಜಾರ್ಜಿಯಾ ಅಂಚೆ ಮತಕ್ಕೆ ಗುರುತಿನ ನಂಬರ್ ಕಡ್ಡಾಯ ಮಾಡುವ ಕಾನೂನು ತಂದಾಗ, ಬೈಡನ್ ಅದನ್ನು ವರ್ಣಭೇದದ ಹಳೇ ಕಾಲಕ್ಕೆ ಹೋಲಿಸಿದರು. ಕಾನೂನನ್ನು ವಿರೋಧಿಸಿ ಬೇಸ್‌ಬಾಲ್ ಲೀಗ್ ತನ್ನ ದೊಡ್ಡ ಪಂದ್ಯವನ್ನು ಜಾರ್ಜಿಯಾದ ಅಟ್ಲಾಂಟಾದಿಂದ ಬೇರೆ ರಾಜ್ಯದ ಡೆನ್ವರ್‌ಗೆ ಒಯ್ದಿತು. ಮರುವರ್ಷದ ಚುನಾವಣೆಯಲ್ಲಿ ಜಾರ್ಜಿಯಾದ ಜನ ಮುಂಗಡ ಮತದಾನದಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆಗಳ ದಾಖಲೆ ಮುರಿದರು. ಕಾಂಟೋನಿ ಮತ್ತು ಪೊನ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2008ರಿಂದ 2018ರವರೆಗೆ ಇಡೀ ದೇಶದ ಅಂಕಿಅಂಶ ನೋಡಿದರು. 2021ರಲ್ಲಿ ಅದು ಪ್ರಕಟವಾಯಿತು. ಬಿಗಿ ಕಾನೂನುಗಳಿಂದ ಒಟ್ಟು ಮತದಾನ ಗಮನಾರ್ಹವಾಗಿ ಕಡಿಮೆಯಾಗಿಲ್ಲ, ಯಾವುದೇ ಬಣ್ಣದ ಜನರಲ್ಲೂ ಇಲ್ಲ. ವಂಚನೆಯ ಮೇಲೂ ಪರಿಣಾಮ ಕಾಣಲಿಲ್ಲ, ಜನರ ನಂಬಿಕೆಯೂ ಹೆಚ್ಚಲಿಲ್ಲ.

ಇದನ್ನು ನಾನು ಎರಡು ಸಲ ಓದಿದೆ. ಒಂದು ಪಕ್ಷ ಹೇಳುವ ಲಾಭವೂ ಕಾಣಲ್ಲ, ಇನ್ನೊಂದು ಪಕ್ಷ ಹೇಳುವ ದೊಡ್ಡ ನಷ್ಟವೂ ಲೆಕ್ಕದಲ್ಲಿ ಕಾಣಲ್ಲ. ಹಾಗಂತ ಸೌತ್ ಬೆಂಡ್‌ನ ಅಜ್ಜಿಯರಿಗೆ ಆದದ್ದು ಆಗಿಲ್ಲ ಅಂತ ಆಗುತ್ತಾ? ಸರಾಸರಿಯಲ್ಲಿ ಕಾಣದಷ್ಟು ಚಿಕ್ಕ ಸಂಖ್ಯೆಯೂ ಜನರೇ.

ವಂಚನೆ ನಿಜವಾಗಿ ಸಿಕ್ಕಿಬಿದ್ದದ್ದು ಎಲ್ಲಿ ಅಂತಲೂ ನೋಡಬೇಕು. 2018ರಲ್ಲಿ ನಾರ್ತ್ ಕ್ಯಾರೊಲೈನಾದ 9ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿಗಾಗಿ ಕೆಲಸ ಮಾಡುತ್ತಿದ್ದವರೊಬ್ಬರು ಅಂಚೆ ಮತಪತ್ರಗಳನ್ನು ಮನೆಮನೆಯಿಂದ ಅಕ್ರಮವಾಗಿ ಸಂಗ್ರಹಿಸಿದ್ದು ಬಯಲಾಯಿತು. ಫಲಿತಾಂಶ ರದ್ದಾಗಿ ಮರುಚುನಾವಣೆಯೇ ನಡೆಯಿತು. ಬೂತಿನಲ್ಲಿ ಎಷ್ಟು ಕಟ್ಟುನಿಟ್ಟಾಗಿ ಕಾರ್ಡು ನೋಡಿದ್ದರೂ ಇದು ಸಿಗುತ್ತಿರಲಿಲ್ಲ.

ಮತದಾರರು ಪಕ್ಷದ ಗೆರೆ ದಾಟುವುದಕ್ಕೆ ಒಂದು ಒಳ್ಳೇ ಉದಾಹರಣೆ ವಿಸ್ಕಾನ್ಸಿನ್. 2025ರ ಏಪ್ರಿಲ್ 1ರಂದು ಅಲ್ಲಿ ಫೋಟೋ ಗುರುತನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಲು ಸುಮಾರು ಶೇ. 63 ಜನ ಒಪ್ಪಿದರು. ಅದೇ ದಿನ, ಅದೇ ಮತಪತ್ರದಲ್ಲಿ, ರಾಜ್ಯದ ಸುಪ್ರೀಂ ಕೋರ್ಟಿಗೆ (ಅಲ್ಲಿ ಆ ನ್ಯಾಯಮೂರ್ತಿಗಳನ್ನೂ ಜನರೇ ಆರಿಸುತ್ತಾರೆ) ಡೆಮಾಕ್ರಾಟರು ಬೆಂಬಲಿಸಿದ ಅಭ್ಯರ್ಥಿಯನ್ನು ಸುಮಾರು ಶೇ. 10ರ ಅಂತರದಲ್ಲಿ ಗೆಲ್ಲಿಸಿದರು. ಮೇನ್ ರಾಜ್ಯದಲ್ಲಿ ಅದೇ ವರ್ಷ ನವೆಂಬರ್‌ನಲ್ಲಿ ಕಾರ್ಡಿನ ಜೊತೆ ಅಂಚೆ ಮತಕ್ಕೂ ಕತ್ತರಿ ಹಾಕುವ ಪ್ರಸ್ತಾವ ಬಂತು. ಅಲ್ಲಿ ಜನ ಬೇಡ ಅಂದರು. ಜನ ಗಂಟನ್ನು ಬಿಚ್ಚಿ ನೋಡುತ್ತಾರೆ ಅಂತ ನನಗೆ ಇದರಿಂದ ಅನ್ನಿಸುತ್ತೆ.

ಪ್ರಜೆಯಾ ಅಲ್ಲವಾ: ಇದು ಬೇರೆಯೇ ಪ್ರಶ್ನೆ

ತಮ್ಮನ ಲೈಸೆನ್ಸಿಗೆ ವಾಪಸ್ ಬರೋಣ. ಅದು ಅವನು ಯಾರು ಅಂತ ಹೇಳುತ್ತೆ, ಯಾವ ದೇಶದ ಪ್ರಜೆ ಅಂತ ಹೇಳಲ್ಲ. ಮೂಲೆಯ ನಕ್ಷತ್ರ ಅಂದರೆ ಕಾರ್ಡು ಕೇಂದ್ರದ ಮಾನದಂಡಕ್ಕೆ ತಕ್ಕಂತಿದೆ ಅನ್ನೋ ಗುರುತು, ಅದೂ ಕಾನೂನುಬದ್ಧವಾಗಿ ಅಲ್ಲಿರುವವರಿಗೆಲ್ಲ ಸಿಗುತ್ತೆ. ಆದ್ದರಿಂದ "ವಿದೇಶಿಯರು ಓಟು ಹಾಕ್ತಾರೆ, ಅದಕ್ಕೆ ಫೋಟೋ ಕಾರ್ಡ್ ಬೇಕು" ಅನ್ನೋ ವಾದದಲ್ಲಿ ಎರಡು ವಿಷಯ ಕಲಸಿಹೋಗಿವೆ. ಪೌರತ್ವ ಪರೀಕ್ಷೆ ಮಾಡಬೇಕಾದರೆ ನೋಂದಣಿಯ ಹಂತದಲ್ಲೇ ಪಾಸ್‌ಪೋರ್ಟೋ ಜನನ ಪ್ರಮಾಣಪತ್ರವೋ ಕೇಳಬೇಕು. ಅಮೆರಿಕನ್ನರಲ್ಲಿ ಪಾಸ್‌ಪೋರ್ಟ್ ಇರೋದು ಸುಮಾರು ಅರ್ಧದಷ್ಟು ಜನರ ಬಳಿ. ಮದುವೆಯಾಗಿ ಹೆಸರು ಬದಲಿಸಿಕೊಂಡ ಹೆಂಗಸರ ಜನನ ಪ್ರಮಾಣಪತ್ರದಲ್ಲಿ ತವರಿನ ಹೆಸರಿರುತ್ತೆ.

ಕ್ಯಾನ್ಸಸ್ ಇದನ್ನು ಮಾಡಿ ನೋಡಿತು. 2013ರಿಂದ ನೋಂದಣಿಗೆ ಪೌರತ್ವದ ದಾಖಲೆ ಕಡ್ಡಾಯ. ಸುಮಾರು 31,000 ಜನರ ಅರ್ಜಿ ನಿಂತುಹೋಯಿತು. ಕೋರ್ಟಿನಲ್ಲಿ ಕೇಸು ನಡೆದು 2018ರಲ್ಲಿ ಕಾನೂನು ಬಿತ್ತು. ವಿಚಾರಣೆಯಲ್ಲಿ ಹೊರಬಂದ ಲೆಕ್ಕ: ಸುಮಾರು ಎರಡು ದಶಕದಲ್ಲಿ ಪಟ್ಟಿ ಸೇರಿದ್ದ ಪ್ರಜೆಗಳಲ್ಲದವರು ಹೆಚ್ಚೆಂದರೆ 39. ಮೂವತ್ತೊಂಬತ್ತು ಜನರನ್ನು ತಡೆಯಲು ಮೂವತ್ತೊಂದು ಸಾವಿರ ಜನರನ್ನು ಬಾಗಿಲಲ್ಲಿ ನಿಲ್ಲಿಸಿದ ಹಾಗಾಯಿತು. ಇದನ್ನೇ ಇಡೀ ದೇಶಕ್ಕೆ ತರುವ ಸೇವ್ ಆಕ್ಟ್ ಎಂಬ ಮಸೂದೆ 2025ರ ಏಪ್ರಿಲ್‌ನಲ್ಲಿ ಸಂಸತ್ತಿನ ಕೆಳಮನೆಯಲ್ಲಿ 220-208ರಲ್ಲಿ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಇಂಥ ಮಸೂದೆ ದಾಟಬೇಕಾದರೆ ಸಾಮಾನ್ಯವಾಗಿ 60 ಸದಸ್ಯರ ಬೆಂಬಲ ಬೇಕು.

ಅಮೆರಿಕದಲ್ಲಿರುವ ನಮ್ಮವರಿಗೆ ಇಲ್ಲೊಂದು ಎಚ್ಚರಿಕೆ. ಲೈಸೆನ್ಸ್ ಮಾಡಿಸುವಾಗ "ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ" ಅಂತ ಒಂದು ಪ್ರಶ್ನೆ ಇರುತ್ತೆ. ವೀಸಾದಲ್ಲಿರುವವರು, ಗ್ರೀನ್ ಕಾರ್ಡ್‌ನವರು ಅವಸರದಲ್ಲಿ ಹೌದು ಅಂತ ಗುರುತು ಹಾಕಿ, ಪ್ರಜೆ ಅಂತ ಸಹಿ ಮಾಡಿದರೆ ಅದು ಸುಳ್ಳು ಪೌರತ್ವ ಹೇಳಿಕೆ ಆಗುತ್ತೆ. 1996ರ ಕಾನೂನಿನ ಪ್ರಕಾರ ಮುಂದೆ ಪೌರತ್ವ ಸಿಗದಿರಬಹುದು, ದೇಶದಿಂದಲೇ ಕಳಿಸಬಹುದು. ಅಪ್ಪ ಅಮ್ಮನಿಗೆ, ಹೊಸದಾಗಿ ಹೋದ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಈ ಕಾಗದದ ಕಷ್ಟ ಬರೀ ಅಮೆರಿಕದ್ದಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಕೇಳಿದ 11 ದಾಖಲೆಗಳಲ್ಲಿ ಆಧಾರ್ ಇರಲಿಲ್ಲ, ಮತದಾರರ ಚೀಟಿಯೂ ಇರಲಿಲ್ಲ. ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇಲ್ಲವಾದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಅಂತ ಆಯೋಗ ಕಾರಣ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆಧಾರನ್ನು 12ನೇ ದಾಖಲೆಯಾಗಿ ಒಪ್ಪಬೇಕು ಅಂದಿತು. ಅಷ್ಟು ದಿನ ಕಾರ್ಡ್ ತೋರಿಸೋಕೆ ಏನು ಕಷ್ಟ ಅನ್ನುತ್ತಿದ್ದ ನಮಗೂ ಯಾವ ಕಾರ್ಡು ಅನ್ನೋ ಪ್ರಶ್ನೆ ಎದುರಾಯಿತು.

ದಾರಿ ಇಲ್ಲವಾ? 2005ರಲ್ಲೇ ಒಂದು ದಾರಿ ಬರೆದಿಟ್ಟಿದ್ದರು. ಡೆಮಾಕ್ರಾಟ್ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ರಿಪಬ್ಲಿಕನ್ ಮಾಜಿ ಸಚಿವ ಜೇಮ್ಸ್ ಬೇಕರ್ ಇಬ್ಬರೂ ಕೂತು ಒಂದು ಸಮಿತಿ ನಡೆಸಿದರು. ಫೋಟೋ ಗುರುತು ಬೇಕು ಅಂದರು. ಜೊತೆಗೆ, ಕಾರು ಓಡಿಸದವರನ್ನು ಸರ್ಕಾರವೇ ಹುಡುಕಿಕೊಂಡು ಹೋಗಿ ಪುಕ್ಕಟೆ ಕಾರ್ಡು ಕೊಡಬೇಕು, ಅದಕ್ಕೆ ಸಂಚಾರಿ ಕಚೇರಿಗಳೂ ಬೇಕು ಅಂದರು. ಕಾರ್ಡ್ ಕೇಳುವ ಅರ್ಧವನ್ನು ರಾಜ್ಯಗಳು ಬೇಗ ತೆಗೆದುಕೊಂಡವು. ಹುಡುಕಿಕೊಂಡು ಹೋಗುವ ಅರ್ಧ ಹಾಗೇ ಉಳಿಯಿತು. ನನಗೆ ಕೇಳಿದರೆ, ಎರಡೂ ಒಟ್ಟಿಗೆ ಬಂದಿದ್ದರೆ ಈ ಜಗಳದ ಮುಕ್ಕಾಲು ಪಾಲು ಇರುತ್ತಿರಲಿಲ್ಲ.

ಅವತ್ತು ಹಾಸನದಲ್ಲಿ ಕಾಫಿ ಬರುವ ಹೊತ್ತಿಗೆ ದೊಡ್ಡಪ್ಪ ಲೈಸೆನ್ಸ್ ವಾಪಸ್ ಕೊಟ್ಟರು. "ನಿನಗೆ ಸಿಟಿಜನ್‌ಶಿಪ್ ಯಾವಾಗ?" ಅಂದರು. ಇನ್ನೊಂದು ವರ್ಷ ಅಂದ ತಮ್ಮ. ಪ್ರಮಾಣವಚನ ಮುಗಿದ ಮೇಲೆ ನೋಂದಣಿ ಫಾರಂ ತುಂಬಬೇಕು, ಚುನಾವಣೆಗೆ 30 ದಿನ ಮುಂಚೆ ಅದನ್ನು ಕೌಂಟಿಗೆ ಕೊಡಬೇಕು ಇಲ್ಲವೇ ಅಂಚೆಗೆ ಹಾಕಬೇಕು, ಒಂದು ದಿನ ತಡವಾದರೂ ಟೆಕ್ಸಸ್‌ನಲ್ಲಿ ಆ ಸಲ ಓಟು ಇಲ್ಲ ಅಂತ ವಿವರಿಸಿದ.

"ಅಂದ್ರೆ ಹೆಸರು ಸೇರಿಸೋಕೆ ಮನೆಗೆ ಯಾರೂ ಬರಲ್ವಾ?"

"ಇಲ್ಲ ದೊಡ್ಡಪ್ಪ. ನಾನೇ ಹೋಗ್ಬೇಕು."

ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು, "ಮೊದಲು ಆ ತಾರೀಖು ಬರ್ಕೋ" ಅಂದರು.